ತಲೆಯೊಳಗೆ ಸೋರಿದ ಪೈಪು

ನಾನು ಓದು ನಿಲ್ಲಿಸಿದ್ದು 1986ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಅಲ್ಲಿಂದೀಚೆಗೆ ಊಟಿ ಹತ್ತಿರದ ತುಮ್ಮನಟ್ಟಿಯಲ್ಲಿ ಕ್ಯಾರೆಟ್ ಬೆಳೆಯುತ್ತಿದ್ದೇನೆ. ತಲೆಯನ್ನು ಮೂಟೆ ಹೊರುವುದಕ್ಕಲ್ಲದೆ ಬೇರೆ ಯಾವುದಕ್ಕೂ ಹೆಚ್ಚು ಬಳಸಿಲ್ಲ.

ಹೋದ ವರ್ಷ ಪಿಕಪ್ ವ್ಯಾನಿಗೆ ಮೂಟೆ ಏರಿಸುವಾಗ ಅದರ ಕಬ್ಬಿಣದ ಕಂಬಿ ನೆತ್ತಿಗೆ ಬಡಿಯಿತು. ಕಂಬಿಗೆ ನಾಲ್ಕು ಮಾತು ಬೈದು ಉಳಿದ ಮೂಟೆಗಳನ್ನೂ ಏರಿಸಿದೆ. ಬುಗುಟು ಮೂರು ದಿನಕ್ಕೆ ಇಳಿಯಿತು, ನೋವು ಇಳಿಯಲಿಲ್ಲ. ಅಂಗಡಿಯ ತಲೆನೋವಿನ ಮಾತ್ರೆ ನುಂಗಿದೆ, ಬೆಳಿಗ್ಗೆ ಒಂದು, ಸಂಜೆ ಒಂದು. ತಿಂಗಳಾಗುವಷ್ಟರಲ್ಲಿ ಎಡಗೈಗೆ ಶರಟಿನ ಗುಂಡಿ ಸಿಗದಾಯಿತು, ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿಯತೊಡಗಿತು.

"ತಿರುಗ ಸುರು ಮಾಡಿದ್ದೀಯಾ?" ಎಂದಳು ಹೆಂಡತಿ. ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ನಮ್ಮ ಹಟ್ಟಿಯಲ್ಲಿ ಕುಡಿದದ್ದನ್ನು ನೆನಪಿಡುತ್ತಾರೆ, ಬಿಟ್ಟದ್ದನ್ನಲ್ಲ.

"ಚಪ್ಪಲಿ ಲೂಸು," ಎಂದೆ.

ನಮ್ಮಲ್ಲಿ ಹಿರಿಯರ ಎದುರು ಟೋಪಿ ತೆಗೆದು ತಲೆ ಬಾಗಿಸಬೇಕು, ಅವರು ನೆತ್ತಿ ಮುಟ್ಟಿ, ಇದ್ದದ್ದೆಲ್ಲ ಸಾವಿರಪಟ್ಟಾಗಲಿ ಎಂದು ಹರಸುತ್ತಾರೆ. ಮದುವೆಯೊಂದರಲ್ಲಿ ಅಜ್ಜಿಯ ತಂಗಿ ಕೂತಿದ್ದಳು. ಅವಳನ್ನು ಎಲ್ಲರೂ ಹೆತ್ತೆ, ಅಂದರೆ ಅಜ್ಜಿ, ಎನ್ನುತ್ತೇವೆ. ಸಾಲಿನಲ್ಲಿ ನಿಂತು ಬಾಗಿದೆ. "ಒಳ್ಳಿತಾಗಲಿ, ಒಂದು ಸಾವಿರ ಆಗಲಿ" ಎಂದು ಅವಳು ಮುಗಿಸುವ ಮೊದಲೇ ಎಡಕ್ಕೆ ಉರುಳಿ ಹೆಂಡತಿಯ ತಮ್ಮನ ಕಾಲ ಮೇಲೆ ಬಿದ್ದೆ.

"ಹತ್ತು ಗಂಟೆಗೇ ಫುಲ್ಲಾ, ಭಾವಾ?" ಎಂದ ಅವನು. ಮಂಟಪವೆಲ್ಲ ನಕ್ಕಿತು.

ಹೆತ್ತೆ ನಗಲಿಲ್ಲ. ಎಮ್ಮೆಯ ಹಲ್ಲು ನೋಡುವವಳಂತೆ ನನ್ನ ಗಲ್ಲ ಹಿಡಿದಳು.

"ಊದು."

ಊದಿದೆ.

"ಸಾರಾಯ ಇಲ್ಲೆ. ಬಾಯಿ ವಾರೆ ಆಗಿದೆ. ನಗೋದು ಆಮೇಲೆ, ಜೀಪು ತೆಗಿರೋ!"

"ಉಂಡು ಹೋಗ್ತೀನಿ ಹೆತ್ತೆ."

"ಬದುಕಿದ್ರೆ ಉಣ್ಣು."

ಊಟಿಯಲ್ಲಿ ಸ್ಕ್ಯಾನ್ ಮಾಡಿದರು. ನಾನು ಕ್ಯಾರೆಟ್‌ಗೆ ಪೈಪಿನಲ್ಲಿ ನೀರು ಹಾಯಿಸುವವನೆಂದು ತಿಳಿದ ಡಾಕ್ಟರು ನನ್ನ ಭಾಷೆಗೇ ಇಳಿದರು. "ತಲೆಯಲ್ಲೂ ಪೈಪುಗಳಿವೆ ಅಣ್ಣಾ. ಬಿ.ಪಿ. ಏರಿ ಮಿದುಳಿನ ಒಳಗೇ ಒಡೆಯೋದು ಒಂದು. ಬಲೂನಿನಂಗೆ ಊದಿಕೊಂಡಿದ್ದ ರಕ್ತನಾಳ ಒಡೆದು ಮಿದುಳಿನ ಸುತ್ತ ಹರಡೋದು ಇನ್ನೊಂದು, ಅದು ಸಿಡಿಲು ಹೊಡೆದಂಥ ನೋವು. ಏಟು ಬಿದ್ದು ಮೂಳೆ ಕೆಳಗಿನ ದೊಡ್ಡ ಪೈಪು ಹೋದರೆ ಗಂಟೆಗಳಲ್ಲಿ ಕತೆ ಮುಗಿಯುತ್ತೆ. ನಿಮ್ಮದು ಮಿದುಳಿನ ಹೊದಿಕೆ ಕೆಳಗೆ, ಸಣ್ಣ ನಾಳ. ಆ ಕಂಬಿ ಏಟಿಗೆ ಜಾಯಿಂಟು ಬಿಟ್ಟು ತೊಟ್ಟು ತೊಟ್ಟಾಗಿ ಸೋರಿದೆ, ತಿಂಗಳಿಂದ. ನೀವು ನುಂಗಿದ ಮಾತ್ರೆ ರಕ್ತವನ್ನು ತೆಳು ಮಾಡಿ ಅದಕ್ಕೆ ಸಹಾಯ ಮಾಡಿದೆ. ಇನ್ನೂ ಬಿಟ್ಟಿದ್ದರೆ ಎಚ್ಚರವೇ ತಪ್ಪುತ್ತಿತ್ತು."

ಜಾಯಿಂಟನ್ನು ಒಂದು ತಿಂಗಳು ಸೋರಲು ಬಿಟ್ಟವನನ್ನು ನನ್ನ ತೋಟದಲ್ಲಿ ಕತ್ತೆ ಎನ್ನುತ್ತೇನೆ.

ಕೊಯಮತ್ತೂರಿನಲ್ಲಿ ಬುರುಡೆಯಲ್ಲಿ ಎರಡು ತೂತು ಕೊರೆದು ಸೋರಿದ್ದನ್ನು ಹೊರಗೆ ಬಿಟ್ಟರು. ಹಳೇ ಇಂಜಿನ್ ಆಯಿಲ್ ಬಣ್ಣ ಇತ್ತಂತೆ. ಊರಿಗೆ ಬಂದವನೇ ಹೆತ್ತೆಗೆ ತಲೆ ಬಾಗಿಸಿದೆ. ಮೊದಲು ಬಾಯಿ ಮೂಸಿದಳು, ಆಮೇಲೆ ನೆತ್ತಿ ತಡವಿದಳು.

"ಒಂದು ಸಾವಿರ ಆಗಲಿ."

"ತೂತು ಬಿಟ್ಟು ಮಿಕ್ಕಿದ್ದೆಲ್ಲ ಆಗಲಿ ಅನ್ನು ಹೆತ್ತೆ!"

ಈಗ ನನಗಿರುವುದು ಬುರುಡೆಯಲ್ಲಿ ಎರಡು ತೂತು, ಕೆಲಸ ಮಾಡುವ ಎರಡು ಕೈ, ಎರಡು ಕಾಲು, ಒಂದೂವರೆ ಎಕರೆ ಕ್ಯಾರೆಟ್, ಒಬ್ಬಳು ಹೆಂಡತಿ, ಒಬ್ಬಳು ಹೆತ್ತೆ.