ಸೇತುವೆಯ ಪಕ್ಕದ ಮಸಿಕಲೆ

ನಾನು ಅವರನ್ನು ಮೊದಲು ಕಂಡದ್ದು ನಿವೃತ್ತನಾದ ವರ್ಷ. ಮಸಿ ಹತ್ತಿದ ಬೆರಳುಗಳಲ್ಲಿ ಕಾಗದದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ಯುದ್ಧದ ನಿಯಮಗಳಿವೆ. ಸ್ವಲ್ಪ ಭಾಷೆ ತಿದ್ದಿಕೊಡಬೇಕು."

ಯುದ್ಧಕ್ಕೂ ನಿಯಮವೇ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅಂಗಡಿಗಳ ಬಿಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಅವರದು. ಬೀದಿಯವರು ಕರೆಯುತ್ತಿದ್ದುದು ಮಾತ್ರ ಸೇನಾಪತಿ ಎಂದು. ಅವರ ಅಣ್ಣ ಯೌವನದಲ್ಲಿ ಒಂದು ಮೇಜಿನಾಟ ಕಟ್ಟಿದ್ದರು: ಆರು ಮೂಲೆಯ ಮನೆಗಳ ನಕ್ಷೆ, ಎರಡು ಸೈನ್ಯ, ನಡುವೆ ನದಿ, ಒಂದೇ ಸೇತುವೆ. ಆಗ ಅಚ್ಚಾದ ಆಟದ ಪೆಟ್ಟಿಗೆಗಳು ಸವೆದು ಹರಿದರೂ ಬಿಡದೆ ಆಡುವ ಒಂದು ಗುಂಪು ಇನ್ನೂ ಉಳಿದಿತ್ತು. ಅಣ್ಣ ಹಾಸಿಗೆ ಹಿಡಿದಿದ್ದರು. ಅವರ ಕಣ್ಣೆದುರಿಗೇ ಆಟ ಮತ್ತೆ ಅಚ್ಚಾಗಿ ಆಡುವವರ ಕೈ ಸೇರಬೇಕೆಂಬುದೊಂದೇ ತಮ್ಮನ ಹಂಬಲ.

ಬೆಲೆ ಕಟ್ಟುವುದೇ ಸೇನಾಪತಿಗೆ ತಲೆನೋವಾಯಿತು. "ಕೊಳ್ಳೋರು ಬೆರಳೆಣಿಕೆ ಜನ. ಕಡಿಮೆ ಇಟ್ರೆ ರಟ್ಟಿನ ಖರ್ಚೂ ಹುಟ್ಟಲ್ಲ. ಜಾಸ್ತಿ ಇಟ್ರೆ ಇರೋರೂ ಓಡಿಹೋಗ್ತಾರೆ."

"ಓಡೋಕೆ ಅವರಿಗೆಲ್ಲ ಮಂಡಿನೋವು ಕಣಪ್ಪ, ಧೈರ್ಯವಾಗಿ ಇಡು" ಎಂದರು ಅವರ ಅತ್ತಿಗೆ.

ದುಬಾರಿ ಬೆಲೆಯೇ ನಿಂತಿತು. ಅದಕ್ಕೆ ತಕ್ಕಂತಿರಲಿ ಎಂದು ಸೇನಾಪತಿ ದಪ್ಪ ರಟ್ಟು ತರಿಸಿದರು, ಮರದ ದಾಳ ಮಾಡಿಸಿದರು. ನಕ್ಷೆಯನ್ನು ತಾವೇ ಹೊಸದಾಗಿ ಬರೆದರು. ಸೇತುವೆಯ ಪಕ್ಕದ ಮನೆಯಲ್ಲಿ ಹಳೆಯ ಪ್ರತಿಗಳಲ್ಲೆಲ್ಲ ಒಂದು ಮಸಿಕಲೆ ಮೂಡಿತ್ತು. ಅಚ್ಚಿನ ದೋಷ ಕಂಡರೆ ಅವರಿಗೆ ಆಗದು, ಅದನ್ನೂ ತೆಗೆದರು. ಅವರು ಆ ಆಟ ಆಡಿದವರಲ್ಲ. ಸಿದ್ಧವಾದ ಮೇಲೆಯೇ ತೋರಿಸಬೇಕೆಂದು ಅಣ್ಣನನ್ನೂ ಕೇಳಲಿಲ್ಲ.

ಮೊದಲ ಪೆಟ್ಟಿಗೆ ಬಿಚ್ಚಿದವರು ಹಳೆಯ ಆಟಗಾರರಾದ ಗಡಿಯಾರ ರಿಪೇರಿಯವರು.

"ಜೌಗು ಎಲ್ಲಿ?"

"ಯಾವ ಜೌಗು?"

"ಇಲ್ಲಿ ಕರೀ ಜಾಗ ಇತ್ತಲ್ಲ! ಅದಕ್ಕೆ ಕಾಲಿಟ್ಟ ಸೈನ್ಯ ಒಂದು ಸರದಿ ಹೂತ್ಕೊಳ್ಳುತ್ತೆ. ಅದಿಲ್ದಿದ್ರೆ ಸೇತುವೆ ಹಿಡಿಯೋದು ಮಕ್ಕಳಾಟ."

"ಅಯ್ಯೋ, ಅದು ಮಸಿ ಚೆಲ್ಲಿದ್ದು ಸ್ವಾಮಿ! ನಿಯಮದಲ್ಲಿ ಜೌಗೇ ಇಲ್ಲ."

"ಇರಬಹುದಪ್ಪ. ನಾವು ಆಯಸ್ಸೆಲ್ಲ ಅದರಲ್ಲೇ ಹೂತ್ಕೊಂಡಿದ್ದೀವಿ. ಇಷ್ಟು ದುಡ್ಡು ಕೊಟ್ಟು ಬೇರೆ ಆಟ ತಗೊಳ್ಳೋಕಾಗುತ್ತಾ?"

ಮಾತು ಉಳಿದ ಆಟಗಾರರಿಗೂ ಮುಟ್ಟಿತು. ಪೆಟ್ಟಿಗೆಗಳು ಒಂದೊಂದಾಗಿ ಹಿಂದಿರುಗಿದವು. ಅಣ್ಣನ ಮುಂದೆ ಹೊಸ ನಕ್ಷೆ ಬಿಚ್ಚಿಟ್ಟಾಗ ಅವರು ಸೇತುವೆಯ ಪಕ್ಕ ಬೆರಳಾಡಿಸಿ, "ಒಣಗಿಬಿಟ್ಟಿದೆಯಲ್ಲೋ" ಎಂದರಂತೆ. ಆ ತಿಂಗಳೇ ತೀರಿಕೊಂಡರು.

ಈಗ ಪ್ರೆಸ್ಸಿನ ಹಿಂಬದಿಯ ಕೋಣೆಯಲ್ಲಿ ಕಿಟಕಿ ಮುಚ್ಚುವಷ್ಟು ಪೆಟ್ಟಿಗೆಗಳಿವೆ. ಬೆಲೆ ಅರ್ಧಕ್ಕಿಳಿದಿದೆ. ಗಡಿಯಾರದವರು ಒಂದು ಕೊಂಡರು. ಮಿಕ್ಕವರಲ್ಲಿ ಕೆಲವರಿಗೆ ದಾಳದ ಚುಕ್ಕಿ ಕಾಣಿಸದು, ಕೆಲವರು ಇಲ್ಲವೇ ಇಲ್ಲ. ಸೇನಾಪತಿ ಮಾತ್ರ ಅಣ್ಣನ ಹಳೆಯ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರತಿಯೊಂದು ಹೊಸ ನಕ್ಷೆಗೂ ಕುಂಚದಿಂದ ಅದೇ ಆಕಾರದ ಕಲೆ ಹಾಕುತ್ತ ಕೂತಿರುತ್ತಾರೆ. ಒಣಗಲೆಂದು ಅವನ್ನು ನೆಲದ ತುಂಬ ಹರಡಿರುತ್ತಾರೆ. ನಾನು ಹೊಸ್ತಿಲಲ್ಲಿ ನಿಂತರೆ ತಲೆಯೆತ್ತದೆ ಹೇಳುತ್ತಾರೆ:

"ನೋಡ್ಕೊಂಡು ಬನ್ನಿ ಮೇಷ್ಟ್ರೇ, ಹೂತ್ಕೊಳ್ತೀರಿ."