ಚಿಕ್ಕಜಾಲದ ಮುಚ್ಚಿದ ಕದ

ಚಪ್ಪಲಿ ಬಿಡುವ ಮೊದಲೇ ಆ ಹುಡುಗಿ ಕೇಳಿದಳು: "ಆಂಟಿ, ನಾನು ವಾಪಸ್ ಯಾವತ್ತು ಹೋಗ್ಬೇಕು?"

ಏಳು ವರ್ಷದ ಚೈತ್ರಾ. ಬೆನ್ನಿಗೊಂದು ಶಾಲೆಯ ಚೀಲ, ಅದರೊಳಗೆ ಪುಸ್ತಕವಿಲ್ಲ, ಬಟ್ಟೆ. ಲಾಡ್ಜಿಗೆ ಬಂದವರ ಹಾಗೆ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನ್ ಹಾಕುವ ನೆಪದಲ್ಲಿ ಒಳಗೆ ಹೋದರು.

ನಾವಿರುವುದು ಸಿಂಗಾಪುರದಲ್ಲಿ. ಆ ದೇಶವಲ್ಲ, ವಿದ್ಯಾರಣ್ಯಪುರದ ಪಕ್ಕದ ಬಡಾವಣೆ. ಗದಗಿನಲ್ಲಿ ನನ್ನ ತಾಯಿ ಮಾತ್ರ ಇವತ್ತಿಗೂ "ಮಗಳು ಸಿಂಗಾಪುರದಾಗ ಅದಾಳ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಗಂಡನಿಗೆ ಯಲಹಂಕದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮಗೆ ಮಕ್ಕಳಿಲ್ಲ. ನಮ್ಮೂರಲ್ಲಾದರೆ ಯಾಕೆಂದು ಇಡೀ ಓಣಿ ಕೇಳುತ್ತಿತ್ತು. ಇಲ್ಲಿ ಪಕ್ಕದ ಮನೆಯವರೂ ಏನೂ ಕೇಳುವುದಿಲ್ಲ. ಮೊದಮೊದಲು ಅದೇ ನೆಮ್ಮದಿ ಅನಿಸಿತ್ತು. ಆಮೇಲೆ ಅದೇ ತಿನ್ನತೊಡಗಿತು.

ಇಲ್ಲಿಯೇ ನಾವು ಫಾಸ್ಟರ್ ಎಂಬ ಪದ ಕಲಿತದ್ದು. ಮಗು ನಮ್ಮ ಮನೆಯಲ್ಲಿ ಉಣ್ಣುತ್ತದೆ, ಮಲಗುತ್ತದೆ, ಶಾಲೆಗೆ ಹೋಗುತ್ತದೆ, ಆದರೆ ಕಾನೂನಿನಲ್ಲಿ ನಮ್ಮದಲ್ಲ. ಎಲ್ಲ ಸರಿಹೋದರೆ ಎರಡು ವರ್ಷದ ಮೇಲೆ ದತ್ತು ಕೇಳಬಹುದು.

ಮೊದಲ ದಿನ ಬಿಸಿ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಹಾಕಿ ಕೊಟ್ಟೆ. ಚೈತ್ರಾ ತಟ್ಟೆ ನೋಡಿ ಮೆಲ್ಲಗೆ ಕೇಳಿದಳು, "ಇಟ್ಟು ಇಲ್ವಾ?" ನಮ್ಮಲ್ಲಿ ಹಿಟ್ಟು ಅಂದರೆ ಹಿಟ್ಟೇ. ನಾನು ಜೋಳದ ಹಿಟ್ಟಿನ ಡಬ್ಬಿಯನ್ನೇ ತಂದು ಅವಳ ಮುಂದಿಟ್ಟೆ. ಅವಳು ಡಬ್ಬಿಯೊಳಗೆ ಇಣುಕಿದಳು, ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದು ಅಳತೊಡಗಿದಳು. ರಾಗಿ ಮುದ್ದೆಗೆ ಈ ಕಡೆ ಹಿಟ್ಟು ಅನ್ನುತ್ತಾರೆಂದು, ಅವಳೂರಲ್ಲಿ ಅದು ಇಟ್ಟಾಗುತ್ತದೆಂದು ನನಗೆ ಹೇಗೆ ತಿಳಿಯಬೇಕು? ಮೇಲಿನ ಮನೆಯಾಕೆಯಿಂದ ಮುದ್ದೆ ಕಟ್ಟುವುದನ್ನು ಕಲಿತೆ. ಗಂಟಿಲ್ಲದ ಮುದ್ದೆ ತಟ್ಟೆಗೆ ಬಿದ್ದ ದಿನ ಅವಳು ಪೂರ್ತಿ ಉಂಡಳು. ಅಂದು ನಾನು ಗೆದ್ದೆ ಅಂದುಕೊಂಡೆ.

ಅವಳೂರು ಚಿಕ್ಕಜಾಲ. ತಾಯಿ ತೀರಿಕೊಂಡಿದ್ದಳು, ತಂದೆ ಎಲ್ಲಿದ್ದಾನೋ ಗೊತ್ತಿಲ್ಲ. ಸಾಕಿದವರು ತಾಯಿಯ ತಾಯಿ ಪಿಳ್ಳಮ್ಮಜ್ಜಿ. ಕಣ್ಣು ಮಂಜಾಗಿ, ಮಗುವನ್ನು ಏರ್‌ಪೋರ್ಟ್ ರಸ್ತೆ ದಾಟಿಸಿ ಶಾಲೆಗೆ ಬಿಡಲಾಗದೆ, ಅಜ್ಜಿಯೇ ಅವಳನ್ನು ಮಕ್ಕಳ ಆಶ್ರಮಕ್ಕೆ ಸೇರಿಸಿದ್ದರು. ಅಲ್ಲಿಂದಲೇ ಅವಳು ನಮ್ಮಲ್ಲಿಗೆ ಬಂದದ್ದು. ನಮ್ಮ ಮನೆಗೆ ತಿಂಗಳಿಗೊಮ್ಮೆ ಯಾರನ್ನಾದರೂ ಜೊತೆ ಮಾಡಿಕೊಂಡು ಬರುತ್ತಿದ್ದರು. ಮೊಮ್ಮಗಳು ಅಜ್ಜಿಯ ತೊಡೆಗೆ ಒರಗಿ ಸಂಜೆಯವರೆಗೆ ಹರಟುತ್ತಿದ್ದಳು. ನಾನು ಕಾಫಿ ಕೊಟ್ಟು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ. ನನ್ನ ಮನೆಯಲ್ಲಿ ನಾನೇ ನೆಂಟಳು.

ಎರಡು ವರ್ಷ ಕಳೆಯಿತು. ದತ್ತು ಪಡೆಯಲು ಅಜ್ಜಿಯ ಒಪ್ಪಿಗೆ ಬೇಕಿತ್ತು. ಕಚೇರಿಯಲ್ಲಿ ಅಧಿಕಾರಿ ಎಲ್ಲವನ್ನೂ ಓದಿ ಹೇಳಿದರು, ಅಜ್ಜಿ ಹೆಬ್ಬೆಟ್ಟು ಒತ್ತಿದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನಾನಿನ್ ಬರಕಿಲ್ಲ ಕಣಮ್ಮ."

"ಯಾಕಬೇ ಅಜ್ಜಿ? ಮನಿ ನಿಮ್ದು. ಯಾವಾಗ ಬೇಕಾದ್ರೂ ಬರ್ರಿ."

"ನಾನ್ ಬಂದೋಗ್ತಿದ್ರೆ ಮಗೀನ ಎಲ್ಡ್ ಕಡೆ ಎಳ್ದಂಗಾಯ್ತದೆ. ನಿಮ್ ಕೈಗಾಕಿವ್ನಿ. ಇಂಗೇ ಬುಟ್ಬುಡಿ."

ನಾನು ಎಷ್ಟು ಬೇಡಿಕೊಂಡರೂ ಅವರು ಕೇಳಲಿಲ್ಲ. ಆಮೇಲೆ ನಿಜಕ್ಕೂ ಬರಲಿಲ್ಲ. ದತ್ತಿನ ಆದೇಶ ಮಾತ್ರ ಕೈಗೆ ಬಂತು.

ಚೈತ್ರಾ ಒಂದು ತಿಂಗಳು ಕಾದಳು. ಒಂದು ದಿನ ಊಟದ ಮುಂದೆ ಕೂತವಳು, "ನೀವು ಅಜ್ಜಿಗೆ ಬರ್ಬೇಡಿ ಅಂದ್ರಾ?" ಎಂದಳು.

"ಇಲ್ಲವ್ವಾ, ನಾ ಹಂಗ ಅಂದಿಲ್ಲ."

"ಮತ್ಯಾಕೆ ಬರ್ತಿಲ್ಲ?"

ನಿನಗೋಸ್ಕರ ಎಂದು ಒಂಬತ್ತು ವರ್ಷದ ಮಗುವಿಗೆ ಹೇಗೆ ಹೇಳುವುದು? ಅವಳು ತಟ್ಟೆ ದೂಡಿ ಎದ್ದಳು. ಕಾನೂನು ಅವಳನ್ನು ನನಗೆ ಕೊಟ್ಟ ಮೇಲೆಯೇ ಅವಳು ನನ್ನಿಂದ ದೂರವಾದದ್ದು.

ಕೊನೆಗೆ ನಾನೇ ಅವಳನ್ನು ಚಿಕ್ಕಜಾಲಕ್ಕೆ ಕರೆದುಕೊಂಡು ಹೋದೆ. ಅಜ್ಜಿಯ ಮನೆಯ ಕದಕ್ಕೆ ಒಳಗಿನಿಂದ ಚಿಲಕ ಹಾಕಿತ್ತು. ಎಷ್ಟು ಕರೆದರೂ ತೆರೆಯಲಿಲ್ಲ. ಎದುರುಮನೆಯ ಹೆಂಗಸು ನೋಡಲಾರದೆ, "ಒಳ್ಗವ್ರೆ ಕಣಮ್ಮ. ಈಗ ನಲ್ಲಿ ನೀರ್ ಇಡ್ಕೊಂಡೋದ್ರು" ಎಂದಳು.

ಅದೇ ವಾರ, ವರ್ಷಗಳಿಂದ ಕೇಳುತ್ತಿದ್ದ ವರ್ಗಾವಣೆ ಸಿಗುತ್ತದೆಂದು ಡಿಪೋದಲ್ಲಿ ತಿಳಿಸಿದರು. ಗದಗಿಗೇ. ನಮ್ಮ ಓಣಿ, ನಮ್ಮ ಮಾತು, ನನ್ನ ತಾಯಿ. ಗಂಡ ಕೇಳಿದರು, "ಏನ್ ಹೇಳ್ಲಿ?"

"ಹೋದ್ರ, ಆಕಿ ಆ ಕದಾ ಬಡಿಯೂದು ಹೆಂಗ?" ಎಂದೆ. ಅವರು ವರ್ಗಾವಣೆ ಬೇಡವೆಂದು ತಿಳಿಸಿ ಬಂದರು. ವಿಷಯ ಕೇಳಿ ತಾಯಿ ಫೋನಿನಲ್ಲಿ, "ನೀ ಇನ್ನ ಅಲ್ಲಿಯಾಕಿನ ಆದಿ ಬಿಡು" ಎಂದಳು. ಆದರೆ ನಾನು ಅಲ್ಲಿಯವಳೂ ಆಗಿರಲಿಲ್ಲ.

ಈಗ ತಿಂಗಳಿಗೊಮ್ಮೆ ಹೋಗುತ್ತೇವೆ. ಅಜ್ಜಿ ಒಮ್ಮೆಯೂ ಕದ ತೆರೆದಿಲ್ಲ. ಚೈತ್ರಾ ಈಗ ಬಡಿಯುವುದನ್ನು ಬಿಟ್ಟಿದ್ದಾಳೆ. ಮೆಟ್ಟಿಲ ಮೇಲೆ ಕೂತು, ಕದಕ್ಕೆ ಬೆನ್ನು ಕೊಟ್ಟು, ಒಳಗಿನವರಿಗೆ ಕೇಳುವಂತೆ ಶಾಲೆಯ ಸುದ್ದಿ ಹೇಳುತ್ತಾಳೆ. ಆಗ ಅವಳ ಮಾತು ಪೂರ್ತಿ ಆ ಊರಿನದು. ಕಳೆದ ಸಲ ಒಳಗೆ ಕೆಮ್ಮು ಕೇಳಿಸಿತು. ಸೀರೆ ಸೆರಗನ್ನು ಬಾಯಿಗೆ ಒತ್ತಿ ತಡೆದಂತೆ ಅದು ಅರ್ಧಕ್ಕೇ ನಿಂತಿತು.

"ಅಜ್ಜೀ, ಅಮ್ಮಾನೂ ಬಂದವ್ರೆ. ಇಲ್ಲೇ ನಿಂತವ್ರೆ" ಎಂದಳು ಚೈತ್ರಾ.

ಅಮ್ಮ. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಕದ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಲಂಗ ಕೊಡವಿಕೊಂಡು ನನ್ನ ಕಡೆ ತಿರುಗಿದಳು.

"ಆಂಟಿ, ಹೋಗೋಣ ಬನ್ನಿ. ಬಸ್ ಹೋಗ್ಬಿಡತ್ತೆ."

ನಾನು ಅವಳ ಹಿಂದೆ ನಡೆದೆ. ನಾನು ಅಮ್ಮನಾಗಿದ್ದದ್ದು ಕದದ ಒಳಗಿದ್ದವರಿಗೆ ಮಾತ್ರ.