ಎರಡು ಮೇಜು, ಒಂದೇ ಒಲೆ

ಬೆಳಕು ಹರಿಯುವುದಕ್ಕೆ ಇನ್ನೂ ಹೊತ್ತಿದೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ದಿಬ್ಬದ ಇಳಿಜಾರಿನಲ್ಲಿರುವ ಹೋಬ್ಡೆ ವಸತಿಗೃಹದ ನೆಲಮಾಳಿಗೆಯಲ್ಲಿ ಪರ್ಮೀಲಿಯಾ ಟಿಲ್ಮನ್ ಆಗಲೇ ಒಲೆ ಹೊತ್ತಿಸಿ, ತೋಳು ಮೇಲಕ್ಕೆ ಮಡಚಿ, ಮರದ ತೊಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದಾರೆ. ಎರಡೂ ಮುಷ್ಟಿ ಊರಿ ಒತ್ತುತ್ತಾರೆ, ಮಗುಚುತ್ತಾರೆ, ಮತ್ತೆ ಒತ್ತುತ್ತಾರೆ. ಎತ್ತರದ ಆಳು. ತಲೆಗೆ ಕಟ್ಟಿದ ಬಟ್ಟೆ ಸೂರಿನ ತೊಲೆಗೆ ತಾಗದಂತೆ ಸ್ವಲ್ಪ ಬಗ್ಗಿಯೇ ಓಡಾಡುತ್ತಾರೆ. ಅಷ್ಟರಲ್ಲಿ ಬಯಲಿನ ಡೇರೆಗಳ ಕಡೆಯಿಂದ ಸಿಪಾಯಿಗಳನ್ನು ಎಬ್ಬಿಸುವ ಡೋಲಿನ ಸದ್ದು ಕೇಳಿಬರುತ್ತದೆ.

"ಕೇಳಿಸ್ತಾ? ಈಗ ಎದ್ರು ಮಹಾರಾಯ್ರು," ಎಂದು ನಗುತ್ತಾರೆ. "ದೇಶ ಉಳಿಸೋಕೆ ಬಂದೋರು! ಅವರ ರೊಟ್ಟಿ ಅವರಿಗಿಂತ ಮುಂಚೆ ಎದ್ದು ಉಬ್ಬಿ ಕೂತಿದೆ ನೋಡಿ."

ಈ 1861ರ ಮೇ ತಿಂಗಳಲ್ಲಿ ಊರಿಗೆ ಊರೇ ದಂಡಿನ ಪಾಳೆಯವಾಗಿದೆ. ಹೋಬ್ಡೆ ಮನೆಯ ಮೇಲಂತಸ್ತಿನ ಕೋಣೆಗಳಲ್ಲಿ ನ್ಯೂಯಾರ್ಕಿನ ಒಂದು ಪಡೆಯ ಅಧಿಕಾರಿಗಳು ಬೀಡುಬಿಟ್ಟಿದ್ದಾರೆ. ಅವರಿಗೆ ದಿನಕ್ಕೆ ಮೂರು ಹೊತ್ತು, ಅವರ ಕಾವಲಿನವರಿಗೆ ಎರಡು ಹೊತ್ತು ಊಟ ಇಲ್ಲಿಂದಲೇ ಹೋಗಬೇಕು. ಐವತ್ತರ ಮೇಲೆ ರೊಟ್ಟಿ, ಹದಿನೈದು ಹೂಜಿ ಕಾಫಿ, ಹೊಗೆಗಿಟ್ಟ ಹಂದಿಯ ಒಂದಿಡೀ ತೊಡೆ. ಪಾತ್ರೆ ತೊಳೆಯುವುದಕ್ಕೊಬ್ಬ ಹೆಂಗಸು ಬರುತ್ತಾಳೆ. ಉಳಿದದ್ದೆಲ್ಲ ಪರ್ಮೀಲಿಯಾ ಅವರ ಕೈಯಲ್ಲೇ ಆಗಬೇಕು.

ಮೇರಿಲ್ಯಾಂಡಿನ ತಂಬಾಕು ಹೊಲದ ಗುಡಿಸಲಿನಲ್ಲಿ, ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಪರ್ಮೀಲಿಯಾ. ಮುದಿ ಯಜಮಾನಿ ಸಾಯುವಾಗ ಏನನ್ನಿಸಿತೋ, ತನ್ನ ಅಡುಗೆಯವಳಾಗಿದ್ದ ಪರ್ಮೀಲಿಯಾರನ್ನು ಬಿಡುಗಡೆ ಮಾಡಿ ಎಂದು ಹೇಳಿ ಕಣ್ಣು ಮುಚ್ಚಿದಳು. ಬಿಡುಗಡೆಯಾದವರು ನಡೆದುಕೊಂಡೇ ಈ ಊರಿಗೆ ಬಂದು ಹೋಬ್ಡೆ ಅಮ್ಮನ ಅಡುಗೆಮನೆ ಸೇರಿದರು. ವಿಧವೆ ಹೋಬ್ಡೆ ಅಮ್ಮನ ಗಿರಾಕಿಗಳೆಲ್ಲ ಪ್ರತಿನಿಧಿ ಸಭೆಯ ಸದಸ್ಯರು. ಡಿಸೆಂಬರಿನಲ್ಲಿ ಅಧಿವೇಶನ ಕೂಡುವ ಹೊತ್ತಿಗೆ ಪೆಟ್ಟಿಗೆ ಹೊತ್ತುಕೊಂಡು ಬರುವರು, ಮುಗಿದ ಮೇಲೆ ತಂತಮ್ಮ ಊರಿಗೆ ಹೋಗುವರು. ಉತ್ತರದವರು, ದಕ್ಷಿಣದವರು ಎಂಬ ಭೇದ ಆಗ ಇರಲಿಲ್ಲ. ಉದ್ದನೆಯ ಒಂದೇ ಮೇಜು.

"ಹೊಡೆದಾಡ್ತಿರಲಿಲ್ಲ ಅಂತಲ್ಲ," ಎನ್ನುತ್ತಾರೆ ಪರ್ಮೀಲಿಯಾ. "ಸಭೇಲಿ ಬಾಯಿಗೆ ಬಂದಂಗೆ ಬೈಕೊಂಡು ಬರ್ತಿದ್ರು. ಇಲ್ಲಿ ಬಂದು ಉಪ್ಪು ಕೊಡಿ ಅಂತ ಕೈ ಚಾಚ್ತಿದ್ರು. ಕೊಡ್ತಿದ್ರು."

ಪರ್ಮೀಲಿಯಾ ಅವರ ಮದುವೆ ಆದದ್ದೂ ಆ ಮೇಜಿನ ಋಣದಿಂದ. ಮಿಸಿಸಿಪ್ಪಿಯ ಸದಸ್ಯ ಕರ್ನಲ್ ಲಾಟಿಮೋರ್ ಪ್ರತಿ ವರ್ಷ ತಮ್ಮ ಸೇವೆಗೆಂದು ಜೂನಿಯಸ್ ಎಂಬ ಗುಲಾಮನನ್ನು ಜೊತೆಗೆ ಕರೆತರುತ್ತಿದ್ದರು. ಯಜಮಾನರ ಬೂಟು ಒರೆಸಿ, ಕೋಟು ಉಜ್ಜಿ, ಬಿಸಿನೀರಿಗೆಂದು ನೆಲಮಾಳಿಗೆಗೆ ಇಳಿಯುತ್ತಿದ್ದ ಜೂನಿಯಸ್ ಕ್ರಮೇಣ ಬಿಸಿನೀರು ಬೇಡದಿದ್ದಾಗಲೂ ಇಳಿಯತೊಡಗಿದರು. ಕರ್ನಲ್ ಒಪ್ಪಿದರು, ಹೋಬ್ಡೆ ಅಮ್ಮ ಒಪ್ಪಿದರು, ಒಬ್ಬ ಪಾದ್ರಿ ಬಂದು ಒಲೆಯ ಮುಂದೆಯೇ ಮದುವೆ ಮಾಡಿಸಿದರು. ಅಂದಿನಿಂದ ಅವರ ಸಂಸಾರ ನಡೆದದ್ದು ಅಧಿವೇಶನದ ಲೆಕ್ಕದಲ್ಲಿ. ಸಭೆ ಕೂಡಿದರೆ ಗಂಡ ಬರುತ್ತಾರೆ, ಸಭೆ ಮುಗಿದರೆ ನ್ಯಾಚೆಜ್ ಊರಿನ ಹತ್ತಿ ತೋಟಕ್ಕೆ ಹಿಂದಿರುಗುತ್ತಾರೆ.

ಮೇಜು ಒಡೆದದ್ದು ಕಾನ್ಸಸ್ ಹೆಸರಿನಲ್ಲಿ. "ಪಶ್ಚಿಮಕ್ಕೆ ಹೊಸದಾಗಿ ಒಂದು ಸೀಮೆ ಬಿಡಿಸ್ತಿದ್ರು. ಅಲ್ಲಿಗೆ ಗುಲಾಮ್ರನ್ನ ಹೊಡ್ಕೊಂಡು ಹೋಗಬಹುದಾ, ಕೂಡದಾ ಅಂತ ಜಗಳ. ಇವರಲ್ಲಿ ಒಬ್ಬರೂ ಆ ಊರು ನೋಡಿದೋರಲ್ಲ!" ಮೊದಲು ಮೇಜಿನ ಈ ಬದಿ ದಕ್ಷಿಣ, ಆ ಬದಿ ಉತ್ತರವಾಯಿತು. ಎರಡು ವರ್ಷ ಕಳೆದ ಮೇಲೆ ಸೆನೆಟ್ಟಿನೊಳಗೇ ಗುಲಾಮಗಿರಿಯ ವಿರುದ್ಧ ಮಾತಾಡಿದ ಒಬ್ಬರನ್ನು ದಕ್ಷಿಣದ ಸದಸ್ಯರೊಬ್ಬರು ಬೆತ್ತದಿಂದ ಬಡಿದು ನೆಲಕ್ಕೆ ಕೆಡವಿದರು. ಆ ರಾತ್ರಿ ಊಟಕ್ಕೆ ಒಂದು ಬದಿಯವರು ಬೆತ್ತವನ್ನು ಹೊಗಳಿ ಲೋಟ ಎತ್ತಿದರು. ಇನ್ನೊಂದು ಬದಿಯವರು ತಟ್ಟೆ ಬಿಟ್ಟೆದ್ದರು. ಮರುದಿನವೇ ಹೋಬ್ಡೆ ಅಮ್ಮ ಬಡಗಿಯನ್ನು ಕರೆಸಿ ಮೇಜನ್ನು ಎರಡಾಗಿ ಕೊಯ್ಯಿಸಿ, ಉತ್ತರದವರದ್ದನ್ನು ಹಿಂದಿನ ಕೋಣೆಗೆ ಹಾಕಿಸಿದರು.

ಪರ್ಮೀಲಿಯಾಗೆ ಓಡಾಟ ಇಮ್ಮಡಿಯಾಯಿತು. "ಸೂಪು ಒಂದೇ ಪಾತ್ರೇದು ಸ್ವಾಮಿ. ಆದ್ರೂ ಮುಂದಿನ ಕೋಣೆಯವರು, ಹಿಂದಿನವರಿಗೆ ಜಾಸ್ತಿ ಮಾಂಸ ಹಾಕ್ತೀಯ ಅನ್ನೋರು. ಹಿಂದಿನವರು, ಅವರ ಸೂಪೇ ಗಟ್ಟಿ ಅನ್ನೋರು. ಮುದುಕ್ರು, ದೇಶಕ್ಕೆ ಕಾನೂನು ಬರೆಯೋರು!" ಇನ್ನೊಂದು ವರ್ಷಕ್ಕೆ ಎರಡೂ ಕೋಣೆಯವರ ಕೋಟಿನ ಜೇಬುಗಳು ಜೋತು ಬೀಳತೊಡಗಿದವು. ಯಜಮಾನರ ಬೂಟು ಒರೆಸುತ್ತಿದ್ದ ಜೂನಿಯಸ್‌ಗೆ ಪಿಸ್ತೂಲು ಒರೆಸುವ ಕೆಲಸವೂ ಸೇರಿತು.

ಇಷ್ಟೆಲ್ಲ ಆದರೂ ಆ ವರ್ಷಗಳನ್ನು ನೆನೆಯುವಾಗ ಪರ್ಮೀಲಿಯಾರ ಮುಖ ಸಪ್ಪೆಯಾಗುವುದಿಲ್ಲ. ಅದಕ್ಕೆ ಕಾರಣವಿದೆ. ಜಗಳ ಬೆಳೆದಷ್ಟೂ ಅಧಿವೇಶನ ಬೆಳೆಯುತ್ತಿತ್ತು. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಸಭಾಧ್ಯಕ್ಷ ಯಾರೆಂದು ತೀರ್ಮಾನವಾಗುವುದಕ್ಕೇ ಎರಡು ತಿಂಗಳು ಹಿಡಿಯಿತು. ಮತ ಹಾಕುವುದು, ಮುರಿದುಬೀಳುವುದು, ಮತ್ತೆ ಹಾಕುವುದು. ಪೇಪರಿನವರು ಶಪಿಸಿದರು. ಮನೆಗೆ ಬಂದ ಸದಸ್ಯರು ತಲೆ ಹಿಡಿದುಕೊಂಡು ಕೂರುತ್ತಿದ್ದರು.

"ನಾನು ಕೆಳಗೆ ಕೂತು, ದೇವರೇ ಇವತ್ತೂ ಒಮ್ಮತ ಬಾರದಿರಲಿ ಅಂತಿದ್ದೆ," ಎನ್ನುತ್ತಾರೆ ಹಿಟ್ಟು ಮುಚ್ಚಿಡುತ್ತ. "ಜೂನಿಯಸ್ ಹೆಜ್ಜೆ ಕೇಳಿದ ಕೂಡ್ಲೆ, ಆಯ್ತಾ ಅಂತ ಕೇಳ್ತಿದ್ದೆ. ಇಲ್ಲ ಕಣೆ, ಇವತ್ತೂ ಆಗ್ಲಿಲ್ಲ ಅಂತಿದ್ರು. ಇಬ್ರೂ ನಗ್ತಿದ್ವಿ."

ಕಳೆದ ನವೆಂಬರಿನಲ್ಲಿ ಗುಲಾಮಗಿರಿ ಇನ್ನು ಹರಡಕೂಡದು ಎನ್ನುವ ಪಕ್ಷದವರೊಬ್ಬರು ದೇಶದ ಅಧ್ಯಕ್ಷರಾಗಿ ಗೆದ್ದರು. ಡಿಸೆಂಬರಿನಲ್ಲಿ ಬಂದಾಗಲೇ ಕರ್ನಲ್ ಲಾಟಿಮೋರ್ ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಿಸಲಿಲ್ಲ. ಜನವರಿಯಲ್ಲಿ ಮಿಸಿಸಿಪ್ಪಿ ಒಕ್ಕೂಟ ಬಿಟ್ಟಿತೆಂದು ತಂತಿ ಬಂತು. ಮುಂದಿನ ಕೋಣೆಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜೂನಿಯಸ್ ನೆಲಮಾಳಿಗೆಗೆ ಇಳಿದುಬಂದು, ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, "ಸೋಮವಾರ ಹೊರಡೋದಂತೆ. ಮತ್ತೆ ಬರೋದಿಲ್ಲವಂತೆ" ಎಂದರು.

"ಓಡಿಹೋಗು. ಇವತ್ತೇ ಹೋಗು," ಎಂದರು ಪರ್ಮೀಲಿಯಾ.

"ಅವ್ವ ಅಲ್ಲಿದ್ದಾಳಲ್ಲೇ. ನಾನು ಓಡಿದೆ ಅಂತ ಗೊತ್ತಾದ್ರೆ ಆ ಮುದುಕೀನ ಮನೆಗೆಲಸದಿಂದ ತೆಗೆದು ಹೊಲಕ್ಕಿಳಿಸ್ತಾರೆ."

"ನಾನ್ಯಾರು ಹಾಗಾದ್ರೆ? ಡಿಸೆಂಬರ್ ಹೆಂಡ್ತೀನಾ?"

"ನೀನು ನಿನ್ನ ಕಾಲ ಮೇಲೆ ನಿಂತಿದ್ದೀಯ. ಅವಳಿಗೆ ಕಣ್ಣು ಕಾಣಲ್ಲ ಪರ್ಮೀಲಿಯಾ."

ಆ ದಿನವೆಲ್ಲ ಪರ್ಮೀಲಿಯಾ ಗಂಡನ ಜೊತೆ ಮಾತಾಡಲಿಲ್ಲ. ಸಿಟ್ಟಿನಲ್ಲೇ ಹಿಂದಿನ ಕೋಣೆಗೆ ಕಾಫಿ ಒಯ್ದು, ಗಂಡನನ್ನು ಹೇಗಾದರೂ ಇಲ್ಲೇ ಉಳಿಸಿಕೊಡಿ ಎಂದು ಓಹಾಯೋದ ಸದಸ್ಯ ಪರ್ಸೆಲ್ ಅವರನ್ನು ಕೇಳಿಕೊಂಡರು. ಗುಲಾಮಗಿರಿ ದೇಶಕ್ಕೆ ಕಳಂಕ ಎಂದು ಗಂಟೆಗಟ್ಟಲೆ ಭಾಷಣ ಮಾಡುವ ಪರ್ಸೆಲ್ ಮೀಸೆ ತಿರುವುತ್ತ ಕೂತರು. "ಸ್ವಲ್ಪ ತಾಳು. ಈಗ ಎರಡೂ ಕಡೆಯವರ ನಡುವೆ ರಾಜಿ ಮಾತು ನಡೀತಿದೆ. ಈ ಹೊತ್ತಲ್ಲಿ ನಾನು ಕೈ ಹಾಕಿದ್ರೆ ಕೆಟ್ಟುಹೋಗುತ್ತೆ" ಎಂದರು.

ಕರ್ನಲ್ ಲಾಟಿಮೋರ್ ತಾವಾಗಿಯೇ ಪರ್ಮೀಲಿಯಾರನ್ನು ಕರೆಸಿ, ಒಳ್ಳೆಯ ದನಿಯಲ್ಲೇ ಮಾತಾಡಿದರು. "ನೀನೂ ಬಂದುಬಿಡು ಪರ್ಮೀಲಿಯಾ. ನಮ್ಮ ಅಡುಗೆಮನೆ ನೋಡ್ಕೋ. ಗಂಡನ ಜೊತೆ ಇರಬಹುದು. ಏನಂತೀಯ?" ಅವರ ಬೆನ್ನ ಹಿಂದೆ ಕೋಟು ಹಿಡಿದು ನಿಂತಿದ್ದ ಜೂನಿಯಸ್ ಬೇಡವೆಂದು ಕಂಡೂ ಕಾಣದಷ್ಟು ತಲೆ ಅಲ್ಲಾಡಿಸಿದರು. ಬಿಡುಗಡೆಯಾದ ಕರಿಯರು ಆ ರಾಜ್ಯಕ್ಕೆ ಕಾಲಿಟ್ಟರೆ ಹಿಡಿದು ಮಾರುವುದಕ್ಕೆ ಅಲ್ಲಿ ಕಾನೂನೇ ಇದೆ.

"ಈ ಮನೆ ಒಲೆ ಬಿಟ್ಟು ಅಭ್ಯಾಸವಿಲ್ಲ ಸ್ವಾಮಿ," ಎಂದು ಪರ್ಮೀಲಿಯಾ ಕೆಳಗಿಳಿದು ಬಂದರು. ಗಂಡನ ಮೇಲಿನ ಸಿಟ್ಟು ಮೆಟ್ಟಿಲು ಇಳಿಯುವಷ್ಟರಲ್ಲಿ ಇಳಿದುಹೋಗಿತ್ತು. "ನಾನು ಬರಲಿ ಅಂತ ಆಸೆ ಇತ್ತು ಅವರಿಗೆ. ಇದ್ದೂ ಬೇಡ ಅಂದ್ರಲ್ಲ."

ಸೋಮವಾರ ಪೊಟೊಮ್ಯಾಕ್ ನದಿಯ ಧಕ್ಕೆಯಲ್ಲಿ ಉಗಿದೋಣಿ ನಿಂತಿತ್ತು. ಪೆಟ್ಟಿಗೆ ಸಾಗಿಸುವ ನೆಪದಲ್ಲಿ ಪರ್ಮೀಲಿಯಾ ಹೋಗಿದ್ದರು. ನದಿಯ ಅಂಚಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಜೂನಿಯಸ್ ಪೆಟ್ಟಿಗೆಗಳನ್ನು ಒಂದೊಂದಾಗಿ ಹತ್ತಿಸಿ, ಕೊನೆಯದನ್ನು ಹತ್ತಿಸುವ ಮುಂಚೆ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. ಕರ್ನಲ್ ಮೇಲಿನಿಂದ ಕರೆದರು. ಮನೆಗೆ ಬಂದ ಪರ್ಮೀಲಿಯಾ ಮಧ್ಯಾಹ್ನದ ಅಡುಗೆಗೆ ನಿಂತರು. ಮುಂದಿನ ಕೋಣೆಯ ಮೇಜು ಖಾಲಿ ಬಿದ್ದಿತ್ತು.

ಫೆಬ್ರವರಿ ಕೊನೆಯಲ್ಲಿ ಒಂದು ದಿನ ಪರ್ಸೆಲ್ ಕೈ ಉಜ್ಜಿಕೊಳ್ಳುತ್ತ ಊಟಕ್ಕೆ ಬಂದರು. ಸಂವಿಧಾನಕ್ಕೆ ಒಂದು ತಿದ್ದುಪಡಿ ಸಭೆಯಲ್ಲಿ ಪಾಸಾಗಿತ್ತು. ಗುಲಾಮಗಿರಿ ಎಲ್ಲೆಲ್ಲಿ ಇದೆಯೋ ಅಲ್ಲಿ ಅದನ್ನು ಒಕ್ಕೂಟ ಸರ್ಕಾರ ಎಂದೆಂದಿಗೂ ಮುಟ್ಟಕೂಡದು. ಇನ್ನು ದಕ್ಷಿಣದವರು ವಾಪಸು ಬರುತ್ತಾರೆ, ಯುದ್ಧ ತಪ್ಪಿತು ಎಂದು ಅವರು ಪಕ್ಕದವರಿಗೆ ಹೇಳುತ್ತಿದ್ದರು. ಬಡಿಸುತ್ತಿದ್ದ ಪರ್ಮೀಲಿಯಾ ಸೌಟು ಹಿಡಿದೇ ನಿಂತರು. ಅಷ್ಟು ವರ್ಷಗಳಲ್ಲಿ ಊಟದ ಮೇಜಿನ ಮಾತಿಗೆ ಅವರು ಬಾಯಿ ಹಾಕಿದ್ದು ಅದೇ ಮೊದಲು.

"ಸ್ವಾಮಿ, ಇದ್ದದ್ದು ಇದ್ದಲ್ಲೇ ಅಂದ್ರೆ, ನನ್ನ ಗಂಡನೂ ಇದ್ದಲ್ಲೇನಾ?"

"ದೇಶ ಉಳೀಬೇಕಲ್ಲ ಪರ್ಮೀಲಿಯಾ," ಎಂದರು ಪರ್ಸೆಲ್.

"ಉಳೀಲಿ ಸ್ವಾಮಿ. ಇನ್ನೊಂದು ಸೌಟು ಹಾಕ್ಲಾ?"

ಆ ರಾಜಿಗೆ ದಕ್ಷಿಣದವರು ಬರಲಿಲ್ಲ. ಏಪ್ರಿಲಿನಲ್ಲಿ ಕೆರೊಲಿನಾದಲ್ಲಿದ್ದ ಒಕ್ಕೂಟದ ಕೋಟೆಯ ಮೇಲೆ ಅವರ ಗುಂಡು ಬಿತ್ತು, ಯುದ್ಧ ಶುರುವಾಯಿತು. ಹೋಬ್ಡೆ ಅಮ್ಮ ಏಪ್ರನ್ನಿನಲ್ಲಿ ಮುಖ ಮುಚ್ಚಿ ಅತ್ತರು. ಅವರ ತಂಗಿಯ ಮಕ್ಕಳು ವರ್ಜೀನಿಯಾದಲ್ಲಿದ್ದಾರೆ. ಪರ್ಮೀಲಿಯಾ ಅಮ್ಮನಿಗೆ ಚಹಾ ಮಾಡಿಕೊಟ್ಟರು. "ಅವರ ದುಃಖ ಸುಳ್ಳಲ್ಲ. ಆದ್ರೆ ನನಗೆ ಅಳು ಬರ್ಲಿಲ್ಲ. ಯುದ್ಧ ಕೆಟ್ಟದ್ದು ಅಂತ ಗೊತ್ತು. ಆದ್ರೆ ನ್ಯಾಚೆಜ್‌ಗೆ ಬೇರೆ ದಾರಿ ಯಾವುದಿತ್ತು ಹೇಳಿ?"

ಈಗ ಪಡೆಗೆ ನದಿ ದಾಟುವ ಅಪ್ಪಣೆ ಬಂದಿದೆ. ಮೇಲಂತಸ್ತಿನಲ್ಲಿರುವ ಕ್ಯಾಪ್ಟನ್ ಡಾಯ್ಲ್ ಮೊನ್ನೆ ಅಡುಗೆಮನೆಗೇ ಇಳಿದುಬಂದು, ನಮ್ಮ ಜೊತೆ ಅಡುಗೆಗೆ ಬರುತ್ತೀಯಾ ಎಂದು ಕೇಳಿದ್ದಾರೆ. ಪರ್ಮೀಲಿಯಾ ಯೋಚನೆಗೆ ಹೊತ್ತು ತೆಗೆದುಕೊಳ್ಳಲಿಲ್ಲ. ಹೋಬ್ಡೆ ಅಮ್ಮನಿಗೆ ಅಂದಿನಿಂದ ಒಂದೇ ಗೋಳು.

"ತಲೆ ಕೆಟ್ಟಿದೆಯೇನೆ ನಿಂಗೆ? ಆ ದಡ ವರ್ಜೀನಿಯಾ. ಒಬ್ಳೇ ಸಿಕ್ರೆ ಹಿಡ್ಕೊಂಡು ಹೋಗಿ ಮಾರ್ತಾರೆ. ಆಗ ನಿನ್ನ ಕ್ಯಾಪ್ಟನ್ ಬರ್ತಾನಾ?"

"ಗೊತ್ತು ಅಮ್ಮಾವ್ರೆ."

"ಇಪ್ಪತ್ತು ವರ್ಷದ ಮನೆ ಇದು!"

"ಅದೂ ಗೊತ್ತು. ನಿಮ್ಮ ಮಂಡಿನೋವಿನ ಎಣ್ಣೆ ಕಪಾಟಿನ ಕೆಳಗಿನ ಹಲಗೆ ಮೇಲಿದೆ. ಮರೀಬೇಡಿ."

ಹೋಬ್ಡೆ ಅಮ್ಮ ಬೈಯುತ್ತಲೇ ಒಳಗೆ ಹೋಗಿ, ತಮ್ಮ ದಪ್ಪ ಉಣ್ಣೆಯ ಶಾಲು ತಂದು ಪರ್ಮೀಲಿಯಾರ ಗಂಟಿನ ಮೇಲೆ ಎಸೆಯುತ್ತಾರೆ.

ಹೊರಗೆ ಬೆಳಕಾಗಿದೆ. ಮೊದಲ ರೊಟ್ಟಿಗಳು ಕೆಂಪಗೆ ಬೆಂದಿವೆ. ಕಾಫಿಗೆ ಬಂದ ಕ್ಯಾಪ್ಟನ್ ಡಾಯ್ಲ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಮನುಷ್ಯ. ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಹೆದರಬೇಡ ಪರ್ಮೀಲಿಯಾ, ಮೂರೇ ತಿಂಗಳು, ಆ ದಡದಲ್ಲಿ ಒಂದೆರಡು ಏಟು ಕೊಟ್ಟರೆ ಅವರು ಶರಣಾಗುತ್ತಾರೆ, ನೀನು ಶರತ್ಕಾಲಕ್ಕೆ ಮನೆಗೆ ಎನ್ನುತ್ತಾರೆ. ನ್ಯಾಚೆಜ್ ಇಲ್ಲಿಂದ ಎಷ್ಟು ದೂರ ಎಂದು ಪರ್ಮೀಲಿಯಾ ಕೇಳುತ್ತಾರೆ. ಕ್ಯಾಪ್ಟನ್ ನಗುತ್ತಾರೆ. ಅಷ್ಟು ದೂರ ಯಾವ ಸೈನ್ಯ ಹೋಗುತ್ತದೆ? ಹೋಗುವಷ್ಟರಲ್ಲಿ ಅನ್ನ ನೀರಿಲ್ಲದೆ ಅರ್ಧ ಜನ ಮಣ್ಣು ಕಚ್ಚುತ್ತಾರೆ.

ಪರ್ಮೀಲಿಯಾ ಒಲೆಯ ಬಾಯಿಗೆ ಬಗ್ಗಿ ಇನ್ನೊಂದು ಸಾಲು ರೊಟ್ಟಿ ಎಳೆಯುತ್ತಾರೆ. ಬೆನ್ನು ನೆಟ್ಟಗೆ ಮಾಡಿ, ಹಣೆಯ ಬೆವರು ಒರೆಸಿಕೊಂಡು ಹೇಳುತ್ತಾರೆ:

"ನಡೆಯೋದು ನಿಮಗೆ ಬಿಟ್ಟಿದ್ದು ಕ್ಯಾಪ್ಟನ್ ಸಾಹೇಬ್ರೆ. ನನ್ನ ಕೈ ಅಡುಗೆ ಉಂಡ ದಂಡು ಹಸಿವು ಅಂತ ಅರ್ಧ ದಾರೀಲಿ ಕೂರೋದಿಲ್ಲ."